ಗ್ರಿಲೊ ಹೊಳೆ ದಾಟಿದ

ಗ್ರಿಲೊ ಮೊಂತಿ ಕ್ಲಾರೊ ಕ್ಲಬ್ಬಿಗೆ ಹೋದನೆಂದು ರೇಡಿಯೊ ಒದರಿದಾಗ ನನ್ನ ಕೈಯಲ್ಲಿ ಕತ್ತರಿಯಿತ್ತು, ಕತ್ತರಿಯ ಕೆಳಗೆ ಅಂಚೆ ಕಚೇರಿಯ ಗುಮಾಸ್ತರ ತಲೆಯಿತ್ತು. ಅವರ ಎಡಗಡೆಯ ಕೂದಲು ಬುಡಕ್ಕೇ ಹೋಯಿತು.

"ಅಯ್ಯೋ, ಏನಮ್ಮಾ ಮಾಡಿದ್ರಿ!" ಎಂದು ಕನ್ನಡಿ ನೋಡಿ ಕಿರುಚಿಕೊಂಡರು.

"ಸುಮ್ನೆ ಕೂತ್ಕೊಳ್ಳಿ. ನಿಮ್ಮ ಕೂದಲು ಮತ್ತೆ ಬರತ್ತೆ. ಗ್ರಿಲೊ ಬರ್ತಾನಾ?" ಎಂದೆ. ಬಲಗಡೆಯನ್ನೂ ಅಷ್ಟೇ ಬೋಳಿಸಿ ಕಳಿಸಿದೆ.

ಅಲ್ಲ, ಹೋಗಲಿಕ್ಕೆ ಬೇರೆ ಊರೇ ಇರಲಿಲ್ಲವೇ? ಸಾವೊ ಪಾವ್ಲೊಗೆ ಹೋಗಿದ್ದರೆ ಬೀದಿಗೆಲ್ಲ ಕೇಕು ಹಂಚುತ್ತಿದ್ದೆ. ಪೋರ್ಚುಗಲ್ಲಿಗೆ ಹೋಗಿದ್ದರೆ ವಿಮಾನ ನಿಲ್ದಾಣದವರೆಗೂ ಹೋಗಿ ಅತ್ತು ಬರುತ್ತಿದ್ದೆ. ನಮ್ಮ ಪೆದ್ರೆನ್ಸಿ ಫುಟ್‌ಬಾಲ್ ಕ್ಲಬ್ಬಿನ ಕೆಂಪು ಅಂಗಿ ತೊಟ್ಟು ಏಳು ವರ್ಷ ಆಡಿದವನು, ಹೊಳೆಯಾಚೆಗಿನ ಮೊಂತಿ ಕ್ಲಾರೊಗೆ ಹೋದ! ಆ ಊರಿನವರನ್ನು ಬೈಯುವುದನ್ನು ನಾವು ನಡೆಯುವುದಕ್ಕೂ ಮೊದಲೇ ಕಲಿತವರು. ನನ್ನ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. ನನ್ನ ಗಂಡ ಬಿಟ್ಟುಹೋದಾಗಲೂ ಇಷ್ಟು ಉರಿದಿರಲಿಲ್ಲ. ಅವನು ಜನ್ಮದಲ್ಲಿ ಒಂದು ಗೋಲು ಹೊಡೆದವನಲ್ಲ.

ಅಂಗಡಿಯ ಗೋಡೆಯ ಮೇಲೆ ಸಂತ ಅಂತೋನಿಯ ಪಕ್ಕದಲ್ಲೇ ಗ್ರಿಲೊನ ಫೋಟೊ ಇತ್ತು. ಕಿತ್ತು ಬಿಸಾಡಲು ಕೈ ಬರಲಿಲ್ಲ. ತಲೆಕೆಳಗು ಮಾಡಿ ನೇತುಹಾಕಿದೆ. ಮದುವೆಯಾಗದ ಹುಡುಗಿಯರು ಗಂಡು ಸಿಗಲೆಂದು ಸಂತ ಅಂತೋನಿಯನ್ನು ಹೀಗೇ ತಲೆಕೆಳಗು ಮಾಡುತ್ತಾರೆ. ಅಂಗಡಿಗೆ ಬಂದ ಹೆಂಗಸರಿಗೆ ಅಷ್ಟೇ ಸಾಕಾಯಿತು.

"ಈ ವಯಸ್ಸಲ್ಲಿ ಇನ್ನೊಬ್ಬ ಬೇಕಾ ದೋನಾ ಜೊರಾಯ್ಡಿ? ಅದೂ ಅಂಥಾ ಚಿಕ್ಕ ಹುಡುಗ!" ಎಂದು ಕಿಸಕ್ಕನೆ ನಕ್ಕರು.

ಊರಿಗೆಲ್ಲ ಅವನ ಪರ ಮಾತಾಡಿದವನು ನನ್ನ ಮೈದುನ ಅನೇಸಿಯೊ ಒಬ್ಬನೇ. "ಅತ್ತಿಗೆ, ಅಲ್ಲಿ ಅವನಿಗೆ ಇರೋಕೆ ಮನೆ ಕೊಟ್ಟಿದಾರಂತೆ. ಹೆಂಡ್ತಿ ಬೇರೆ ಬಸುರಿ. ನಿಮ್ಮ ಚಪ್ಪಾಳೆ ಬೇಯಿಸ್ಕೊಂಡು ತಿನ್ನಕ್ಕಾಗತ್ತಾ?" ಎಂದ.

"ನೀನು ಬಾಯ್ಮುಚ್ಚೋ. ಬಿಟ್ಟು ಹೋಗೋರನ್ನ ಕಂಡ್ರೆ ನಿಮ್ಮ ವಂಶದೋರಿಗೆ ಪ್ರೀತಿ ಜಾಸ್ತಿ" ಎಂದೆ. ಅಣ್ಣನ ಮಾತು ಬಂತೆಂದರೆ ಅವನು ತೆಪ್ಪಗಾಗುತ್ತಾನೆ.

ಗ್ರಿಲೊ ಹೋದ ಮೇಲೆ ನಮ್ಮವರು ಸೋತು ಸೋತು ಸುಣ್ಣವಾದರು. ಕೊನೆಯ ಪಂದ್ಯ ನಮ್ಮ ಮೈದಾನದಲ್ಲೇ, ಬೇರೆ ಯಾರ ಮೇಲೂ ಅಲ್ಲ, ಮೊಂತಿ ಕ್ಲಾರೊ ಮೇಲೇ ಬಿತ್ತು. ಸಮ ಮಾಡಿಕೊಂಡರೂ ಸಾಕು, ಮೂರನೆಯ ದರ್ಜೆಯಲ್ಲಿ ಉಳಿದುಕೊಳ್ಳುತ್ತೇವೆ. ಸೋತರೆ ನಾಲ್ಕನೆಯದು, ಅಲ್ಲಿ ಹಸು ಓಡಿಸಿದ ಮೇಲೆ ಆಟ ಶುರು ಮಾಡುತ್ತಾರೆ. ನಾನು ಅಂಗಡಿಯಲ್ಲಿ ಎಲ್ಲರೆದುರು ಆಣೆ ಹಾಕಿದೆ. ಗ್ರಿಲೊ ನನ್ನ ಕಡೆಯ ಬೇಲಿಗೆ ಬರಲಿ, ಅವನ ಜನ್ಮ ಜಾಲಾಡದಿದ್ದರೆ ನನ್ನ ಹೆಸರು ಜೊರಾಯ್ಡಿಯೇ ಅಲ್ಲ.

ಭಾನುವಾರ ಮೊದಲರ್ಧವೆಲ್ಲ ಅವನು ಮೈದಾನದ ಆಚೆ ಬದಿಯಲ್ಲಿ ಆಡಿದ. ಬಿಡುವು ಕಳೆದು ನಮ್ಮ ಬದಿಗೆ ಬಂದ. ನಾನು ನಿಲ್ಲುವ ಕಡೆ ತಂತಿಬೇಲಿ ಗೆರೆಗೆ ಅಂಟಿಕೊಂಡಂತೇ ಇದೆ. ಮೂಗು ತಾಗಿಸಿ ನಿಂತರೆ ಆಟಗಾರರ ಉಸಿರು ಕೇಳಿಸುತ್ತದೆ. ಶುರುಹಚ್ಚಿಕೊಂಡೆ.

"ಲೋ ನಿಯತ್ತಿಲ್ಲದವನೇ! ನಿನ್ನ ಹೊಸ ಮನೆ ಮಾಡು ಸೋರಲಿ! ನಿನ್ನ ಮಗು ಹುಟ್ಟಿದ ತಕ್ಷಣ ಪೆದ್ರೆನ್ಸಿ, ಪೆದ್ರೆನ್ಸಿ ಅಂತ ಅಳಲಿ!"

ಜನ ಬಿದ್ದು ಬಿದ್ದು ನಕ್ಕರು. ಗ್ರಿಲೊ ಮಾತ್ರ ನನ್ನತ್ತ ಕಣ್ಣೆತ್ತಲಿಲ್ಲ. ನನ್ನ ಸಂಕಟ ಅದೇ. ಬೈದರೆ ಬೈಸಿಕೊಳ್ಳಲಿಕ್ಕಾದರೂ ತಿರುಗಬಾರದೇ?

ಆಟ ಮುಗಿಯುತ್ತ ಬಂತು. ಎರಡೂ ಕಡೆ ಸೊನ್ನೆ. ಕಡಲೆಕಾಯಿ ಮಾರುವವನೂ ಕೂಗುವುದನ್ನು ನಿಲ್ಲಿಸಿದ್ದ. ಚೆಂಡು ಗ್ರಿಲೊನ ಕಾಲಿಗೆ ಬಂತು, ನನ್ನ ಮೂಗಿನೆದುರಿಗೇ. ಚೆಂಡು ಸಿಕ್ಕಿದರೆ ಈ ಕತ್ತೆ ಬೆನ್ನ ಹಿಂದೆ ತಿರುಗಿ ನೋಡುವುದಿಲ್ಲ. ಎಷ್ಟು ಜನ ಕೋಚುಗಳು ತಲೆ ಚಚ್ಚಿಕೊಂಡರೂ ಕಲಿಯಲಿಲ್ಲ. ಹಿಂದಿನಿಂದ ಯಾರಾದರೂ ಚೆಂಡು ಕಸಿಯಲು ಬಂದರೆ 'ಕಳ್ಳ' ಎಂದು ಕೂಗಿ ಎಚ್ಚರಿಸುವುದು ನಮ್ಮಲ್ಲಿ ಎಲ್ಲ ಮೈದಾನಗಳ ರೂಢಿ. ಏಳು ವರ್ಷ ಗ್ರಿಲೊನಿಗೆ ಹಾಗೆ ಕೂಗಿದವಳು ನಾನು.

ನಮ್ಮ ತಂಡದ ಹುಡುಗ ವಾಗ್ನೆರ್ ಎತ್ತಿನಂತೆ ಅವನ ಬೆನ್ನ ಹಿಂದೆ ನುಗ್ಗಿ ಬರುತ್ತಿದ್ದ. ಇನ್ನೇನು ಚೆಂಡು ನಮ್ಮದು.

"ಗ್ರಿಲೋ! ಹಿಂದೆ ಕಳ್ಳ!"

ನನ್ನ ಬಾಯೇ. ನನ್ನದೇ ಹಾಳು ಬಾಯಿ. ಗ್ರಿಲೊ ತಿರುಗಿಯೂ ನೋಡದೆ ಪಕ್ಕಕ್ಕೆ ಹೊರಳಿದ. ವಾಗ್ನೆರ್ ಜಾರಿ ಬಂದು ಬೇಲಿಗೆ ಅಪ್ಪಳಿಸಿದ. ಅಷ್ಟರಲ್ಲಿ ಗ್ರಿಲೊ ಓಡಿ, ಒಬ್ಬನನ್ನು ದಾಟಿ, ಚೆಂಡನ್ನು ನಮ್ಮ ಬಲೆಯೊಳಗೆ ತಳ್ಳಿಯಾಗಿತ್ತು.

ಇಡೀ ಬೇಲಿಸಾಲು ನನ್ನ ಕಡೆ ತಿರುಗಿತು. ಮಾಂಸದಂಗಡಿಯ ತುರಿಬಿಯೊ ಮುಷ್ಟಿ ಬಿಗಿದುಕೊಂಡು ಬಂದ. "ನಮ್ಮನ್ನ ಮುಳುಗಿಸಿಬಿಟ್ಟೆಯಲ್ಲೇ ಮಾರಾಯ್ತಿ!" ಎಂದು ಗರ್ಜಿಸಿದ. ಅನೇಸಿಯೊ ನಡುವೆ ಬಂದು ನಿಂತ. "ಹೆಂಗಸಿನ ಮೇಲೆ ಕೈ ಮಾಡ್ತೀಯಾ? ಬಾ ನನ್ನ ಮೇಲೆ" ಎಂದ.

ಪಂದ್ಯ ಮುಗಿಯಿತು. ನಾವು ಕೆಳಗಿನ ದರ್ಜೆಗೆ ಬಿದ್ದೆವು. ಮೊಂತಿ ಕ್ಲಾರೊದವರು ಕುಣಿಯುತ್ತಿದ್ದರೆ ಗ್ರಿಲೊ ಅವರನ್ನು ಬಿಟ್ಟು ನೇರ ನನ್ನ ಬೇಲಿಗೆ ಬಂದ. ಜನ ಉಗಿದರು. ಮುಖ ಒರೆಸಿಕೊಂಡು, ತಂತಿಯೊಳಗೆ ಬೆರಳು ಸಿಕ್ಕಿಸಿ ನಿಂತ.

"ನಾನು ಬೇಕು ಅಂತ ಮಾಡಿಲ್ಲಮ್ಮಾ. ನಿಮ್ಮ ದನಿ ಕೇಳ್ತು, ಕಾಲು ಹೊರಳ್ತು" ಎಂದ.

ನಾನೂ ತಂತಿ ಹಿಡಿದುಕೊಂಡೆ.

"ಅಲ್ಲಿ ಯಾರೂ ಕೂಗಲ್ಲ. ಪ್ರತಿ ಆಟದಲ್ಲೂ ಚೆಂಡು ಕಳ್ಕೋತೀನಿ. ಮುಂದಿನ ವರ್ಷ ಇಟ್ಕೋತಾರೋ ಇಲ್ವೋ."

ಕೂಡಿಟ್ಟ ಬೈಗುಳವೆಲ್ಲ ಎಲ್ಲಿ ಹೋಯಿತೋ. "ತಿರುಗಿ ನೋಡೋದು ಕಲ್ತ್ಕೊಳೋ ಕತ್ತೆ! ನೀನು ಹೋದಲ್ಲೆಲ್ಲಾ ನಾನು ಬಂದು ನಿಲ್ಲಕ್ಕಾಗತ್ತಾ?" ಎಂದೆ. ಅವನು ನನ್ನ ಬೆರಳುಗಳನ್ನು ತಂತಿಯ ಮೂಲಕವೇ ಒಮ್ಮೆ ಒತ್ತಿ, ಓಡಿಹೋಗಿ ಬಸ್ಸು ಹತ್ತಿದ.

ನಾನು ಅಲ್ಲೇ ನೆಲದ ಮೇಲೆ ಕೂತು ಗೊಳೋ ಎಂದು ಅತ್ತೆ. ಕ್ಲಬ್ಬಿಗಾಗಿ ಅಳುತ್ತಿದ್ದೇನೆಂದುಕೊಂಡು ಜನರ ಸಿಟ್ಟು ಇಳಿಯಿತು. ಹೊಡೆಯಲು ಬಂದಿದ್ದ ತುರಿಬಿಯೊನೇ ನೀರು ತಂದುಕೊಟ್ಟು ಪಕ್ಕದಲ್ಲಿ ಕೂತ.

"ಅಳ್ಬೇಡಿ ದೋನಾ ಜೊರಾಯ್ಡಿ, ಮುಂದಿನ ವರ್ಷ ಮತ್ತೆ ಮೇಲೆ ಬರ್ತೀವಿ" ಎಂದ.

ಮೇಲೆ ಬಂದರೇನು, ಕೆಳಗೆ ಬಿದ್ದರೇನು. ಆ ಹಾಳು ಊರಿನಲ್ಲಿ ನನ್ನ ಹುಡುಗನಿಗೆ ಕೂಗಿ ಹೇಳುವವರು ಒಬ್ಬರೂ ಇಲ್ಲವಲ್ಲ ಎಂದು ನನ್ನ ಕರುಳು ಕಿತ್ತು ಬರುತ್ತಿತ್ತು. ನೀರು ಕುಡಿದು, ಹೌದಪ್ಪಾ, ಬರ್ತೀವಿ ಎಂದೆ.