ಗಿರಣಿಯಲ್ಲಿ ಪರೀಕ್ಷೆಯಾದ ಹೆಡ್‌ಫೋನು

ಈ ಕಥೆಯನ್ನು ಮೊದಲು ಹೇಳಿದವರು ಹೊಸರಿತ್ತಿಯ ನಿರ್ಮಲಾ. ಹೇಳಿದ್ದು ಹೋದ ವರ್ಷ, ಶಿವರಾತ್ರಿ ಮುಗಿದ ವಾರ, ಅಗಡಿಯಲ್ಲಿರುವ ತಮ್ಮ ತಂಗಿಯ ಮನೆಯ ಪಡಸಾಲೆಯಲ್ಲಿ. ವರ್ಷದ ಖಾರಕ್ಕೆಂದು ತಂದ ಮೆಣಸಿನಕಾಯಿಯನ್ನು ಚಾಪೆಯ ಮೇಲೆ ಸುರುವಿಕೊಂಡು ಓಣಿಯ ಹೆಂಗಸರು ತೊಟ್ಟು ಬಿಡಿಸುತ್ತಿದ್ದರು. ಇದೇ ಕಥೆಯನ್ನು ಬ್ಯಾಡಗಿಯಲ್ಲಿ ತುಸು ಬೇರೆಯಾಗಿ ಹೇಳುವವರಿದ್ದಾರೆ. ಅವರ ಪಾಠದಲ್ಲಿ ವಿಮಾನ ನಡೆಸುವವನೂ ಪದಕ್ಕೆ ದನಿಗೂಡಿಸುತ್ತಾನೆ. ನಿರ್ಮಲಾ ಹಾಗೆ ಹೇಳಲಿಲ್ಲ. ಅವರು ಆ ವಿಮಾನದಲ್ಲಿ ಕುಳಿತಿದ್ದವರು. ಆದ್ದರಿಂದ ಇಲ್ಲಿ ಅನುಸರಿಸಿರುವುದು ಅವರ ಪಾಠವನ್ನೇ.

ಬ್ಯಾಡಗಿಯ ಮಂಗಳವ್ವ ಐದು ಹೆಂಗಸರ ಸೋಬಾನೆ ಮೇಳದ ಮುಂದಾಳು. ಅತ್ತೆ ಮುದುಕವ್ವನ ಕಾಲದಿಂದ ಬಂದ ಮೇಳ ಅದು; ನಿರ್ಮಲಾ ಅದರಲ್ಲಿ ಒಬ್ಬರು. ಅದರಲ್ಲಿ ವಾದ್ಯವಿಲ್ಲ, ಶ್ರುತಿಪೆಟ್ಟಿಗೆಯಿಲ್ಲ. ಮುಂದಿನವಳು ಯಾವ ಎತ್ತರದಲ್ಲಿ ಪದ ಎತ್ತುತ್ತಾಳೋ ಅದೇ ಎತ್ತರದಲ್ಲಿ ಹಿಂದಿನ ನಾಲ್ವರು ಹಿಡಿಯಬೇಕು. ಎತ್ತುವುದು ತಗ್ಗಾದರೆ ಪದ ಸಪ್ಪಗಾಗುತ್ತದೆ, ಹೆಚ್ಚಾದರೆ ಏರುವ ಜಾಗದಲ್ಲಿ ಗಂಟಲು ಒಡೆಯುತ್ತದೆ. ಮದುವೆಮನೆಗಳಲ್ಲಿ ಮಂಗಳವ್ವನ ಎತ್ತುಗಡೆ ಎಂದೂ ತಪ್ಪಿದ್ದಿಲ್ಲ. ತಪ್ಪಿದ್ದು ಒಮ್ಮೆ, ಹೈದರಾಬಾದಿನಲ್ಲಿ.

ಅಂದು ಅವರನ್ನು ಹುಬ್ಬಳ್ಳಿಯಿಂದ ಒಯ್ದದ್ದು ರೆಕ್ಕೆಯ ಮೇಲೆ ಪಂಖ ತಿರುಗುವ ಸಣ್ಣ ವಿಮಾನ. ಮಂಗಳವ್ವನಿಗೆ ಸಿಕ್ಕದ್ದು ಪಂಖದ ಪಕ್ಕದ ಸೀಟು. ಇಳಿದ ಮೇಲೂ ಆ ಸದ್ದು ಕಿವಿಯಿಂದ ಇಳಿಯಲಿಲ್ಲ. ಸಂಜೆ ವೇದಿಕೆಯ ಮೇಲೆ ಆಕೆ ಎಂದಿನಂತೆಯೇ ಎತ್ತಿದೆನೆಂದುಕೊಂಡಳು. ಎತ್ತಿದ್ದು ಬಹಳ ಮೇಲೆ. ಏರುವ ಜಾಗ ಬಂದಾಗ ಮೊದಲು ರಾಣೆಬೆನ್ನೂರಿನ ಶ್ರೀದೇವಿಯ ದನಿ ಒಡೆಯಿತು, ಆಮೇಲೆ ಉಳಿದವರದು. ಸಭೆಯವರು ಮರ್ಯಾದೆಗೆ ಚಪ್ಪಾಳೆ ತಟ್ಟಿದರು. ಊರಿಗೆ ಬರುವ ದಾರಿಯಲ್ಲಿ ಶ್ರೀದೇವಿ ಕಿಟಕಿಯ ಕಡೆಗೆ ಮುಖ ಮಾಡಿಕೊಂಡೇ ಹೇಳಿದಳು: "ಮಂಗಳಕ್ಕ, ಇನ್ನ ವಿಮಾನದಾಗ ಹೋಗೂದಿದ್ರ ನೀ ಹಿಂದ ನಿಂದ್ರು. ಮುಂದ ನಾ ನಿಂದ್ರತೇನಿ."

ಶ್ರೀದೇವಿ ವಯಸ್ಸಿನಲ್ಲಿ ಸಣ್ಣವಳು, ದನಿಯಲ್ಲಿ ಯಾರಿಗೂ ಕಡಿಮೆಯಲ್ಲ. ಅವಳ ಮಾತಿಗೆ ಯಾರೂ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅದೇ ಮಂಗಳವ್ವನಿಗೆ ನೆಟ್ಟ ಮುಳ್ಳು. ಮರುವರ್ಷ ದಿಲ್ಲಿಯಿಂದ ಕರೆ ಬಂತು. ಮಧ್ಯಾಹ್ನ ಇಳಿಯಬೇಕು, ಅದೇ ಸಂಜೆ ಹಾಡಬೇಕು. ಇನ್ನೊಮ್ಮೆ ತಪ್ಪಿದರೆ ಮುಂದಾಳುತನ ಕೈಬಿಟ್ಟು ಹೋಗುತ್ತದೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಉಪಾಯವನ್ನು ಹೇಳಿದವಳೂ ಶ್ರೀದೇವಿಯೇ. ಅವಳ ಗಂಡ ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಕೆಲಸಕ್ಕಿದ್ದು ಆಗಾಗ ವಿಮಾನದಲ್ಲಿ ಓಡಾಡುವವನು. ಕಿವಿಗೆ ಏನೋ ಒಂದನ್ನು ಹಾಕಿಕೊಳ್ಳುತ್ತಾನಂತೆ, ಅದು ಸದ್ದನ್ನೇ ನುಂಗಿಬಿಡುತ್ತದಂತೆ. ಆ ಮಾತು ಕನಿಕರದ್ದೋ ಕುಟುಕಿನದೋ ಎಂಬುದನ್ನು ಮಂಗಳವ್ವ ವಿಚಾರಿಸಲು ಹೋಗಲಿಲ್ಲ. ಗಂಡ ಮಾಲತೇಶಪ್ಪನನ್ನು ಕರೆದುಕೊಂಡು ಹಾವೇರಿಗೆ ಹೋದಳು.

ಹಾವೇರಿಯಲ್ಲಿ ಜಹೀರನ ಮೊಬೈಲ್ ಅಂಗಡಿ. ಜಹೀರನ ತಾಯಿ ಬೇನಜೀರಳಿಗೂ ಮಂಗಳವ್ವನಿಗೂ ಹಳೆಯ ಬಳಕೆ. ಅವನು ಮೂರು ಬಗೆಯನ್ನು ಹರವಿದ. ಒಂದು, ಕಿವಿಯ ತೂತಿಗೆ ಸಿಕ್ಕಿಸುವ ಗುಬುಟು. ಎರಡನೆಯದು, ಎರಡೂ ಕಿವಿಯನ್ನು ದಪ್ಪ ಮೆತ್ತೆಯಿಂದ ಮುಚ್ಚುವ ದೊಡ್ಡದು. ಮೂರನೆಯದೂ ನೋಡಲು ಅದರಂತೆಯೇ. ಮೆತ್ತೆ ತೆಳ್ಳಗೆ, ಹಗುರ, ಆದರೆ ಅದರಲ್ಲಿ ಗುಂಡಿಯೊಂದಿತ್ತು. ಗುಂಡಿ ಒತ್ತಿದರೆ ಹೊರಗಿನ ಸಪ್ಪಳವನ್ನು ಒಳಗಿನ ಯಂತ್ರವೇ ಅಳಿಸುತ್ತದೆಂದು ಜಹೀರ ವಿವರಿಸಿದ. ಅಂಗಡಿಯಲ್ಲಿ ಹಾಕಿ ನೋಡಿದರೆ ಮೂರೂ ಒಂದೇ ಎನಿಸಿತು. ಮಾಲತೇಶಪ್ಪ ಅನುಮಾನದಿಂದ ತಿರುಗಿಸಿ ತಿರುಗಿಸಿ ನೋಡುತ್ತಿದ್ದುದನ್ನು ಕಂಡು ಜಹೀರ ತಾನಾಗಿಯೇ ಹೇಳಿದ: "ಅಕ್ಕಾರ, ಮೂರೂ ಮನಿಗೆ ಒಯ್ರಿ. ಸೀರಿ ಒಯ್ದು ನೋಡತೀರಲ್ಲ, ಹಂಗ ನೋಡ್ರಿ. ಒಪ್ಪಿದ್ದು ಇಟಗೊಂಡು ಉಳದದ್ದು ತಿರುಗಿ ಕೊಡ್ರಿ. ಖಾರ ಮಾತ್ರ ಹತ್ತಿಸಬ್ಯಾಡ್ರಿ ಮತ್ತ."

ಅವನು ಹಾಗೆ ಅಂದದ್ದಕ್ಕೆ ಕಾರಣವಿತ್ತು. ಮಾಲತೇಶಪ್ಪನದು ಬ್ಯಾಡಗಿಯಲ್ಲಿ ಖಾರ ಕುಟ್ಟುವ ಗಿರಣಿ. ಕೆಳಗೆ ಗಿರಣಿ, ಮೇಲೆ ಮನೆ. ಸಾಲಾಗಿ ನಿಂತ ಕಬ್ಬಿಣದ ಒನಕೆಗಳು ಒಂದರ ಹಿಂದೊಂದು ಏರಿ ಬೀಳುತ್ತಿದ್ದರೆ ಓಣಿಯ ಗೋಡೆಗಳೂ ಅಲುಗುತ್ತಿದ್ದವು. ಸದ್ದಿನ ವಿಷಯದಲ್ಲಿ ತನಗೆ ಯಾರೂ ಕಲಿಸಬೇಕಾಗಿಲ್ಲ ಎಂಬುದು ಅವನ ಗಟ್ಟಿ ನಂಬಿಕೆ. ವಿಮಾನದ ಸದ್ದಿಗೆ ಹಾಕುವ ವಸ್ತುವನ್ನು ಅದಕ್ಕಿಂತ ದೊಡ್ಡ ಸದ್ದಿನಲ್ಲಿ ಪರೀಕ್ಷಿಸಬೇಕು, ಇಲ್ಲಿ ಗೆದ್ದದ್ದು ಎಲ್ಲಿಯೂ ಗೆಲ್ಲುತ್ತದೆ ಎಂದು ಅವನು ಮೂರನ್ನೂ ಗಿರಣಿಗೆ ಇಳಿಸಿದ.

ಗುಬುಟಿನ ಜೋಡಿ ಮೊದಲೇ ಸೋತಿತು. ಅದು ಮಂಗಳವ್ವನ ಕಿವಿಯಲ್ಲಿ ನಿಲ್ಲಲೊಲ್ಲದೆ ಮೆಣಸಿನಕಾಯಿಯ ಬುಟ್ಟಿಯಲ್ಲಿ ಬಿದ್ದು, ಹುಡುಕಿ ಒರೆಸಿ ಇಡುವಷ್ಟರಲ್ಲಿ ಗಂಡಹೆಂಡಿರಿಬ್ಬರೂ ಸೀನಿ ಸುಸ್ತಾದರು. ದಪ್ಪ ಮೆತ್ತೆಯದು ಒನಕೆಯ ಬಡಿತದ ಮೊನೆಯನ್ನು ಚೆನ್ನಾಗಿ ಮುರಿಯಿತು. ಬೆಂಡೋಲೆಯನ್ನು ಕಿವಿಗೆ ಒತ್ತಿ ನೋಯಿಸಿತೆಂಬುದೊಂದೇ ಕೊರತೆ. ಗುಂಡಿಯದನ್ನು ಹಾಕಿಕೊಂಡ ಮಾಲತೇಶಪ್ಪ ಗಳಿಗೆ ಹೊತ್ತು ನಿಂತು ನಕ್ಕುಬಿಟ್ಟ. ಬಡಿತ ಒಂದೊಂದೂ ಕೇಳುತ್ತಿತ್ತು.

"ಒನಕಿ ಸಪ್ಪಳಾನ ತಡೀಲಾರದ್ದು ವಿಮಾನದ್ದೇನ್ ತಡದೀತು?" ಅಂದ. "ಗುಂಡಿ ಒತ್ತಿದ್ರೂ ಅಷ್ಟ, ಒತ್ತದಿದ್ರೂ ಅಷ್ಟ."

"ವಿಮಾನದಾಗ ಖಾರ ಕುಟ್ಟತಾರೇನ್ರಿ?" ಎಂದಳು ಮಂಗಳವ್ವ.

ಅಂದದ್ದು ಚೇಷ್ಟೆಗೆ. ಅಂದ ಮೇಲೆ ಅವಳಿಗೇ ಅದು ವಿಚಾರವೆನಿಸಿತು. ವಿಮಾನದಲ್ಲಿ ಬಡಿತವಿರಲಿಲ್ಲ, ಅಲ್ಲಿದ್ದದ್ದು ಬಿಡದೆ ಹಿಡಿದ ಒಂದೇ ಸಮನಾದ ಮೊರೆತ. ಗುಂಡಿಯದನ್ನು ತಾನು ಹಾಕಿಕೊಂಡು, ಗುಂಡಿ ಒತ್ತಿ, ಬಡಿತದ ಕಡೆಗೆ ಲಕ್ಷ್ಯ ಕೊಡದೆ, ಬಡಿತಗಳ ನಡುವಿನ ಜಾಗಕ್ಕೆ ಕಿವಿಗೊಟ್ಟಳು. ಅಲ್ಲಿ ಏನೂ ಇರಲಿಲ್ಲ. ಹೆಡ್‌ಫೋನು ತೆಗೆದಳು, ಮೋಟಾರಿನ ಗುಂಯ್ ಎಂಬ ನಾದ ತುಂಬಿಕೊಂಡಿತು. ಹಾಕಿದಳು, ನಾದ ಹೋಯಿತು. ಮದುವೆಯಾಗಿ ಬಂದಂದಿನಿಂದ ಹಗಲೆಲ್ಲ ತನ್ನ ಸುತ್ತ ಇದ್ದ ಆ ನಾದವನ್ನು ಆಕೆ ಬೇರೆಯಾಗಿ ಕೇಳಿಸಿಕೊಂಡದ್ದು ಅದೇ ಮೊದಲು.

ವಿಮಾನಕ್ಕೆ ಬೇಕಾದದ್ದು ಇದೇ ಎಂದು ಗೊತ್ತಾದ ಸಂತೋಷಕ್ಕೆ, ಹೆಡ್‌ಫೋನು ತೆಗೆಯದೆಯೇ, ದಿಲ್ಲಿಯಲ್ಲಿ ಹಾಡಬೇಕಾದ ವರದೆಯ ಪದವನ್ನು, ವರದಾ ಹೊಳೆ ತನ್ನ ಅಕ್ಕನಾದ ದೊಡ್ಡ ಹೊಳೆಯ ಮನೆಗೆ ಹೋಗುವ ಪದವನ್ನು, ಎತ್ತಿದಳು. ಎತ್ತಿದ ದನಿ ಎಲ್ಲಿಯೂ ನಿಲ್ಲಲಿಲ್ಲ. ಮೆಟ್ಟಿಲಿದೆಯೆಂದು ಕಾಲಿಟ್ಟಲ್ಲಿ ಮೆಟ್ಟಿಲಿಲ್ಲದಂತಾಯಿತು. ಇನ್ನೊಮ್ಮೆ ಎತ್ತಿದಳು; ಇನ್ನೂ ತಪ್ಪಿತು. ಆಗ ಹೆಡ್‌ಫೋನು ಕಳಚಿ ಮೋಟಾರಿನ ನಾದದಲ್ಲಿ ಎತ್ತಿದಳು. ಪದ ತನ್ನ ಜಾಗದಲ್ಲಿ ಬಂದು ಕುಳಿತಿತು.

ಮಂಗಳವ್ವ ಖಾರದ ಚೀಲದ ಮೇಲೆ ಕುಳಿತುಬಿಟ್ಟಳು ಎಂದು ನಿರ್ಮಲಾ ಇಲ್ಲಿ ಕೈಯ ಕೆಲಸ ನಿಲ್ಲಿಸಿ ಹೇಳಿದರು. ಇಷ್ಟು ಕಾಲ ತನ್ನದೆಂದುಕೊಂಡ ಎತ್ತರ ಗಂಡನ ಗಿರಣಿಯದಾಗಿತ್ತು. ಅದು ಕಿವಿಯಲ್ಲಿ ಉಳಿದಿರುತ್ತಿದ್ದುದರಿಂದ ಅಗಡಿಯಲ್ಲಿ, ಗಳಗನಾಥದಲ್ಲಿ, ರಾಣೆಬೆನ್ನೂರಿನಲ್ಲಿ ಪದ ತಪ್ಪಿರಲಿಲ್ಲ. ಹೈದರಾಬಾದಿನ ದಾರಿಯಲ್ಲಿ ಪಂಖದ ಮೊರೆತ ಅದನ್ನು ಒರೆಸಿ ತನ್ನದನ್ನು ಕೂರಿಸಿತ್ತು, ಅಷ್ಟೆ. ಗಂಡ ಬಂದು ಏನಾಯಿತೆಂದು ಕೇಳಿದಾಗ ಆಕೆ ಎದ್ದು ಸೆರಗಿನ ಖಾರ ಕೊಡವಿಕೊಂಡಳು. ಗುಂಡಿಯದನ್ನೇ ಇಟ್ಟುಕೊಳ್ಳುತ್ತೇನೆಂದಳು.

ಮಾಲತೇಶಪ್ಪನಿಗೆ ಇದು ಸರಿಬರಲಿಲ್ಲ. ಪರೀಕ್ಷೆಯಲ್ಲಿ ಸೋತದ್ದನ್ನು ಮನೆಯಲ್ಲಿಟ್ಟು ಗೆದ್ದದ್ದನ್ನು ಮರಳಿಸುವುದು ಅವನ ಲೆಕ್ಕದಲ್ಲಿ ಅನ್ಯಾಯ. ಅವನು ದಪ್ಪ ಮೆತ್ತೆಯದನ್ನು ತನಗೆಂದೇ ಇಟ್ಟುಕೊಂಡು ಗಿರಣಿಯಲ್ಲಿ ಹಾಕಿಕೊಳ್ಳತೊಡಗಿದ. ಆಮೇಲೆ ಗಿರಾಕಿಗಳು ಅವನ ಭುಜ ತಟ್ಟಿಯೇ ಮಾತಾಡಿಸಬೇಕಾಯಿತು. ಜಹೀರನಿಗೆ ಮರಳಿ ಹೋದದ್ದು ಗುಬುಟಿನ ಜೋಡಿ ಮಾತ್ರ, ಅದೂ ತುಸು ಘಾಟಿನೊಂದಿಗೆ.

ದಿಲ್ಲಿಗೆ ಹೋಗುವವರೆಗೆ ಮಂಗಳವ್ವ ದಿನವೂ ಒನಕೆಗಳು ನಡೆಯುವ ಹೊತ್ತಿನಲ್ಲಿ ಹೆಡ್‌ಫೋನು ಏರಿಸಿ, ಗುಂಡಿ ಒತ್ತಿ, ನಾದವಿಲ್ಲದ ಆ ಬಯಲಿನಲ್ಲಿ ಪದ ಎತ್ತಿದಳು. ಎತ್ತುವುದು, ತೆಗೆದು ಮೋಟಾರಿಗೆ ಹೋಲಿಸಿ ನೋಡುವುದು, ಮತ್ತೆ ಹಾಕಿಕೊಳ್ಳುವುದು. ಮೊದಮೊದಲು ಹತ್ತಿರವೂ ಬರುತ್ತಿರಲಿಲ್ಲ. ಕ್ರಮೇಣ ಗಂಟಲಿಗೇ ಆ ಜಾಗದ ಗುರುತು ಹತ್ತಿತು: ಎದೆಯ ಎಲುಬಿನ ಬಳಿ ದನಿ ಎಷ್ಟು ಅದುರಿದರೆ ಸರಿ ಎಂಬುದು. ಗಿರಣಿಯ ಗದ್ದಲದಲ್ಲಿ ಎಷ್ಟು ಗಟ್ಟಿಯಾಗಿ ಹಾಡಿದರೂ ಕೇಳುವವರಿರಲಿಲ್ಲ. ಆದ್ದರಿಂದ ಆಕೆ ಬಾಯ್ತುಂಬ ಹಾಡಿದಳು. ದಪ್ಪ ಮೆತ್ತೆಯ ಗಂಡನಿಗಂತೂ ಏನೂ ಕೇಳಲಿಲ್ಲ.

ವಿಮಾನದಲ್ಲಿ ಐವರಿಗೂ ಒಂದೇ ಕಡೆ ಸೀಟು ಸಿಗಲಿಲ್ಲ. ಮಂಗಳವ್ವ ಮುಂದೆ, ನಾಲ್ಕಾರು ಸಾಲುಗಳ ಹಿಂದೆ ಶ್ರೀದೇವಿ, ಇನ್ನಿಬ್ಬರು ನಡುವೆ ಆಚೀಚೆ, ನಿರ್ಮಲಾ ಕಟ್ಟಕಡೆಗೆ. ಮೇಲೇರಿದ ಮೇಲೆ ಮಂಗಳವ್ವ ತುರುಬು ಸಡಿಲಿಸಿ, ಹೆಡ್‌ಫೋನು ಏರಿಸಿ ಗುಂಡಿ ಒತ್ತಿದಳು. ಮೊರೆತ ಹೋಯಿತು. ಕಣ್ಣು ಮುಚ್ಚಿದಳು. ಗಂಟಲು ತನ್ನ ಜಾಗವನ್ನು ಮರೆತಿಲ್ಲವಷ್ಟೇ ಎಂದು ನೋಡಿಕೊಳ್ಳಲು, ಗಿರಣಿಯಲ್ಲಿ ಮಾಡುತ್ತಿದ್ದಂತೆಯೇ, ಪದ ಎತ್ತಿದಳು. ತಾನು ಮನಸ್ಸಿನಲ್ಲಿ ಗುನುಗುತ್ತಿದ್ದೇನೆ ಎಂದೇ ಆಕೆಯ ಎಣಿಕೆ.

"ವರದಿ ಬಂದಾಳ ನೋಡ, ಅಕ್ಕನ ಮನಿ ಮುಂದ" ಎಂಬ ಸಾಲು ಇಡೀ ವಿಮಾನಕ್ಕೆ ಕೇಳಿತು.

ಸೋಬಾನೆಯಲ್ಲಿ ಮುಂದಿನವಳು ಬಿಟ್ಟ ಸಾಲನ್ನು ಹಿಂದಿನವರು ಹಿಡಿಯದೆ ಇರುವಂತಿಲ್ಲ. ಹಿಡಿಯದಿದ್ದರೆ ಯಾರದೋ ಮದುವೆಯ ಹಂದರ ಅರ್ಧಕ್ಕೆ ನಿಂತಂತೆ ಎಂದು ಈ ಕಡೆಯ ಹೆಂಗಸರ ಭಾವನೆ. ಜಾಗ ಯಾವುದು, ಜನ ಯಾರು ಎಂಬ ವಿಚಾರಕ್ಕೆ ಮೊದಲೇ ನಿರ್ಮಲಾರ ಬಾಯಿ ತೆರೆದಿತ್ತು. ನಡುವಿನಿಂದ ಇನ್ನೆರಡು ದನಿಗಳೆದ್ದವು. ತುಸು ತಡವಾಗಿ ಶ್ರೀದೇವಿಯದೂ ಸೇರಿತು. ನಿರ್ಮಲಾರ ಪಕ್ಕದ ಸೀಟಿನ ಹಿರಿಯರೊಬ್ಬರು ಇದು ವಿಮಾನದವರೇ ಮಾಡಿಸಿದ ಏರ್ಪಾಡೆಂದುಕೊಂಡು ಸಾವರಿಸಿಕೊಂಡು ಕುಳಿತರು.

ಗಗನಸಖಿ ಬಂದು ಮಂಗಳವ್ವನ ಭುಜ ಮುಟ್ಟಿದಳು. ಕಣ್ಣು ತೆರೆದ ಮಂಗಳವ್ವ ಆ ಮುಖ ಕಂಡು ಹೆಡ್‌ಫೋನು ತೆಗೆದಳು. ಮೊರೆತದೊಡನೆ ಇನ್ನೊಂದು ಸದ್ದೂ ಕಿವಿಗೆ ಬಿತ್ತು. ಹಿಂದಿನಿಂದ ತನ್ನದೇ ಪದ ತನ್ನ ಕಡೆಗೆ ಬರುತ್ತಿತ್ತು. ಆಕೆಗೆ ಮೈಯೆಲ್ಲ ನಾಚಿಕೆಯಾಯಿತು. ಆದರೂ ಬಾಯಿ ಮುಚ್ಚಿ ಕಿವಿಗೊಟ್ಟಳು. ಪದ ಏರುವ ಜಾಗಕ್ಕೆ ಬಂದಿತ್ತು. ಹೈದರಾಬಾದಿನಲ್ಲಿ ಮೊದಲು ಒಡೆದ ಶ್ರೀದೇವಿಯ ದನಿ ಆ ಏರನ್ನು ಮನೆಯ ಹೊಸ್ತಿಲು ದಾಟಿದಷ್ಟು ಸಲೀಸಾಗಿ ದಾಟಿ ಆಚೆ ಇಳಿಯಿತು.

ಗಗನಸಖಿ ಸಾಕೆಂದು ಕೈ ಮಾಡಿ ವಿನಯದಿಂದ ಏನೋ ಹೇಳಿದಳು. ಉತ್ತರ ಬಂದದ್ದು ಶ್ರೀದೇವಿಯಿಂದ, ಸೀಟಿನ ಮೇಲಿನಿಂದ ಕತ್ತು ಚಾಚಿ:

"ಮಂಗಳಕ್ಕ, ನಡುವ ಬಿಡಬ್ಯಾಡ. ಹೊಳಿ ದಂಡೀಗ್ಯಾಕ ನಿಂದ್ರಸ್ತಿ ಆಕೀನ? ಮನಿ ಮುಟ್ಟಿಸು. ನಾವು ಹಿಡದೇವಿ."

ಮಂಗಳವ್ವ ಗಗನಸಖಿಗೆ ಕೈಮುಗಿದು, ದನಿ ತಗ್ಗಿಸಿ, ಆದರೆ ಎತ್ತರ ಬದಲಿಸದೆ, ವರದೆಯನ್ನು ಅಕ್ಕನ ಮನೆ ಮುಟ್ಟಿಸಿದಳು. ಈ ಸಲ ಆಕೆಯ ಕಿವಿಯ ಮೇಲೆ ಏನೂ ಇರಲಿಲ್ಲ; ವಿಮಾನ ತನ್ನ ಪಾಡಿಗೆ ಮೊರೆಯುತ್ತಿತ್ತು. ಉಳಿದ ದಾರಿಯುದ್ದಕ್ಕೂ ಹೆಡ್‌ಫೋನು ಹಾಕಿಕೊಂಡು ಸುಮ್ಮನೆ ಕುಳಿತಳು.

ಸಂಜೆ ದಿಲ್ಲಿಯ ವೇದಿಕೆಯಲ್ಲಿ ಮುಂದೆ ನಿಂತವಳು ಮಂಗಳವ್ವ. ಅಲ್ಲಿ ಹೇಗಾಯಿತೆಂದು ಕೇಳಿದವರಿಗೆ ನಿರ್ಮಲಾ, ಪದ ಹೇಗಿರಬೇಕೋ ಹಾಗಿತ್ತು ಎಂದಷ್ಟೇ ಹೇಳಿದರು. ಮುಂದೆ ನಿಲ್ಲುವ ಮಾತನ್ನು ಶ್ರೀದೇವಿ ಆಮೇಲೆ ಎತ್ತಲಿಲ್ಲ. ಹಿಂದೆ ನಿಂತವಳಾದರೂ ಏರುವ ಜಾಗದಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಹಾಡುವುದನ್ನು ಬಿಡಲೂ ಇಲ್ಲ.

ಚಾಪೆಯ ಮೇಲೆ ಬಿಡಿಸದ ಕಾಯಿ ಮುಗಿದಿತ್ತು. ಗಿರಣಿಯ ವಿಚಾರವನ್ನು ಮಂಗಳವ್ವ ಗಂಡನಿಗೆ ಆಮೇಲಾದರೂ ಹೇಳಿದಳೇ ಎಂದು ಒಬ್ಬಾಕೆ ಕೇಳಿದಳು. ಹೇಳಿದ್ದರೆ, ಹೆಂಡತಿಯ ಪದ ತನ್ನ ಗಿರಣಿಯದೆಂದು ಊರಿಗೆಲ್ಲ ಸಾರದೆ ಅವನು ಇಷ್ಟು ದಿನ ಸುಮ್ಮನಿರುತ್ತಿದ್ದನೇ ಎಂದು ನಿರ್ಮಲಾ ತಿರುಗಿ ಕೇಳಿದರು. ಹೆಂಗಸರು ನಕ್ಕು, ಉರಿಯುವ ಕೈಗಳಿಗೆ ಕೊಬ್ಬರಿ ಎಣ್ಣೆ ಸವರಿಕೊಂಡು, ಮಡಿಲಿನ ತೊಟ್ಟುಗಳನ್ನು ಅಂಗಳದಲ್ಲಿ ಕೊಡವಿದರು. ಹಾಲು ಕರೆಯುವ ಹೊತ್ತಾಗಿತ್ತು. ಒಬ್ಬೊಬ್ಬರಾಗಿ ತಂತಮ್ಮ ಮನೆಗಳಿಗೆ ಹೋದರು.