ಗೆದ್ದವರ ಬೀದಿ

"ಹೆಣಾನ ನೀರಿಗೇ ಬಿಟ್ವಿ ತಾಯಿ. ನದಿ ಅಂತಾರೆ, ಆದ್ರೆ ಆಚೆ ದಡವೇ ಕಾಣಲ್ಲ," ಎಂದ ಕುಂಟು ನಾವಿಕ, ಬಾಗಿಲಲ್ಲೇ ನಿಂತು.

ತಾಮ್ಸಿನ್ ತಲೆಯಾಡಿಸಿದಳು. ಅವಳ ಗಂಡ ಜಾಗೋ ಸಮುದ್ರದವನೇ ಅಲ್ಲ, ಪೀಪಾಯಿ ಮಾಡುವವನು. ಮೂರು ವರ್ಷದ ಹಿಂದೆ, ಯುದ್ಧಕ್ಕೆ ಆಳು ಬೇಕೆಂದು, ಇಂಗ್ಲಿಷ್ ನೌಕಾಪಡೆಯವರು ಪ್ಲಿಮತ್‌ನ ಹೆಂಡದಂಗಡಿಯಿಂದ ಅವನನ್ನು ಹಡಗಿಗೆ ಎಳೆದೊಯ್ದಿದ್ದರು. ಈಗ ಕೆನಡಾದಲ್ಲಿ, ಫ್ರೆಂಚರ ಕ್ವಿಬೆಕ್ ಕೋಟೆ ಬೀಳುವ ಮುಂಚೆಯೇ, ಜ್ವರ ಬಂದು ತೀರಿಹೋಗಿದ್ದ.

"ಕೊನೇಲಿ ಏನಾದ್ರೂ ಅಂದ್ನಾ?"

"ಹಲಗೆ ಇನ್ನೂ ಹಸಿ, ಸೋರುತ್ತೆ ಅಂತ ಯಾರಿಗೋ ಬೈತಿದ್ದ."

ತಾಮ್ಸಿನ್‌ಗೆ ನಗು ಬಂತು. ಅದು ಅವನದೇ ಮಾತು. ನಾವಿಕ ಹೋದ ಮೇಲೆ ಬಾಗಿಲು ಹಾಕಿ, ಒಲೆಯ ಮುಂದೆ ಕೂತಳು.

ಊರಿನಲ್ಲಿ ಮಧ್ಯಾಹ್ನದಿಂದ ಚರ್ಚಿನ ಗಂಟೆ ನಿಂತಿರಲಿಲ್ಲ. ಫ್ರೆಂಚರ ಕೋಟೆ ನಮ್ಮದಾಯಿತು, ಪ್ರತಿ ಕಿಟಕಿಯಲ್ಲೂ ಮೇಣದ ಬತ್ತಿ ಇರಲೇಬೇಕು, ಕತ್ತಲಿದ್ದರೆ ಗಾಜು ಉಳಿಯದು ಎಂದು ಸಾರಿಕೊಂಡು ಹೋಗಿದ್ದರು. ಸಂಜೆಯಾಗುತ್ತಲೇ ಇಡೀ ಬೀದಿ ಬೆಳಗಿತು, ಅವಳದೊಂದು ಕಿಟಕಿ ಬಿಟ್ಟು.

ತಮಟೆಯ ಸದ್ದು ಹತ್ತಿರ ಬಂತು. ಬಾಗಿಲು ಬಡಿದವನು ಕಟುಕ ಪೆಂಗೆಲಿ. ಅವನ ಹಿಂದೆ ಕುಡಿದ ಜನ, ಕೆಲವರ ಕೈಯಲ್ಲಿ ಕಲ್ಲು.

"ಏನಮ್ಮ ತಾಮ್ಸಿನ್, ಫ್ರೆಂಚರ ಮನೆ ಥರ ಕತ್ತಲೆ ಮಾಡ್ಕೊಂಡಿದ್ದೀಯ! ಗೆದ್ದು ಕೊಟ್ಟವನು ನಿನ್ ಗಂಡನೇ ಅಲ್ವೇನೇ!"

"ಸತ್ತೋದ."

"ಆಂ?" ಪೆಂಗೆಲಿ ಕಿವಿಗೆ ಕೈಯಿಟ್ಟ.

"ಸತ್ತೋದ ಅಂದೆ!"

"ಸತ್ರಂತೆ ಕಣ್ರೋ ಫ್ರೆಂಚರು!" ಎಂದು ಅವನು ಕೂಗಿದ. ಜನ ಹೋ ಎಂದರು. ಯಾರೋ ಅವಳನ್ನು ಸರಿಸಿ ಒಳಗೆ ಬಂದು, ಕಿಟಕಿಯಲ್ಲಿ ಬತ್ತಿ ಹಚ್ಚಿಟ್ಟರು. "ಜಾಗೋಗೆ ಜಯವಾಗಲಿ!" ಎನ್ನುತ್ತ ಮೆರವಣಿಗೆ ಮುಂದೆ ಹೋಯಿತು.

ಪಕ್ಕದ ಮನೆಯ ಗ್ರೇಸ್ ಇಣುಕಿದಳು. "ಅಬ್ಬ, ಹಚ್ಚಿದ್ಯಲ್ಲ. ಗಾಜು ಉಳೀತು ಬಿಡು."

"ಹೂಂ," ಎಂದಳು ತಾಮ್ಸಿನ್. ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಗ್ರೇಸ್ ಮೆರವಣಿಗೆಯ ಹಿಂದೆ ಓಡಿದ್ದಳು.

ಬೆಳಿಗ್ಗೆ ತಾಮ್ಸಿನ್ ಬಿಂದಿಗೆ ಹಿಡಿದು ಬಾವಿಗೆ ಹೋದಾಗ ಹಡಗುಕಟ್ಟೆಯಲ್ಲಿ ಆಗಲೇ ಸುತ್ತಿಗೆಗಳ ಸದ್ದು. ಹೊಸ ಹಡಗೊಂದರ ಬರಿಯ ಪಕ್ಕೆಲುಬುಗಳು ಆಕಾಶಕ್ಕೆ ನಿಂತಿದ್ದವು.

"ಇನ್ನೇನು, ನಿನ್ನವನೂ ಬಂದ್ಬಿಡ್ತಾನೆ," ಎಂದಳು ಹಿಂದೆ ಬಂದು ನಿಂತ ಹೆಂಗಸು.

ತಾಮ್ಸಿನ್ ತನ್ನ ಬಿಂದಿಗೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಅವಳ ಬಿಂದಿಗೆಗೂ ಜಾಗ ಮಾಡಿಕೊಟ್ಟಳು.