ಒಂದು ಗೇಣು ಮಣ್ಣು

ದೇವಿಂದ್ರಪ್ಪನ ಕಾಲಿಗೆ ಯಾರೋ ಚಕ್ರ ಕಟ್ಟಿದ್ದಾರೆ ಎಂದು ಅವನ ತಾಯಿ ಮಾನಮ್ಮ ಹೇಳುತ್ತಿದ್ದುದು ಸುಳ್ಳಲ್ಲ. ಅಂಗಡಿ ತೆರೆದು ವರ್ಷವಾಗುತ್ತ ಬಂದರೂ ಆ ಮನುಷ್ಯ ಅದರೊಳಗೆ ಒಂದು ತಾಸು ನೆಟ್ಟಗೆ ಕುಳಿತವನಲ್ಲ. ಕುಳಿತರೆ ಏಳುವನು, ಎದ್ದರೆ ಹೊರಗೆ ಬಂದು ರಸ್ತೆಯ ಎರಡೂ ಕಡೆ ನೋಡುವನು, ನೋಡಿದ ಮೇಲೆ ಒಳಗೆ ಹೋಗಿ ಮೊದಲೇ ಹೊಳೆಯುತ್ತಿದ್ದ ಹಂಡೆಯನ್ನು ಮತ್ತೊಮ್ಮೆ ಒರೆಸುವನು. ಗಿರಾಕಿಗಳಿಗಾಗಿ ಕಾಯುವ ಅಂಗಡಿಕಾರರು ಎಲ್ಲ ಊರಲ್ಲೂ ಇರುತ್ತಾರೆ. ಒಬ್ಬನೇ ಗಿರಾಕಿಗಾಗಿ ಕಾಯುವ ಅಂಗಡಿಕಾರನನ್ನು ಕಮಲಾಪುರ ಅದಕ್ಕೂ ಮೊದಲು ಕಂಡಿರಲಿಲ್ಲ.

ಅದು ಬಾಡಿಗೆ ಭಾಂಡೆಯ ಅಂಗಡಿ. ಮದುವೆ, ಬಸುರಿಯ ಕುಬಸ, ಕೂಸಿನ ತೊಟ್ಟಿಲು ಎಂದು ನಾಲ್ಕು ಜನ ಕೂಡಿ ಉಣ್ಣುವ ಮನೆಗೆ ಬೇಕಾಗುವ ಹಂಡೆ, ಡಬರಿ, ಪರಾತ, ಸೌಟು, ತಾಟು, ಜಮಖಾನೆ ಎಲ್ಲವೂ ಅಲ್ಲಿದ್ದವು. ಈ ಕೆಲಸವನ್ನು ಅವನು ಕಲಿತದ್ದು ಕಲಬುರಗಿಯ ಮೋಮಿನಪುರದಲ್ಲಿ, ಚಾಂದಪಾಶಾ ಎಂಬ ಮುದುಕನ ಅಂಗಡಿಯಲ್ಲಿ. ಹತ್ತು ಹನ್ನೆರಡು ವರ್ಷ ಆ ಅಂಗಡಿಯ ಹಂಡೆಗಳನ್ನು ತಲೆಯ ಮೇಲೆ ಹೊತ್ತು ಖೂಬಾ ಪ್ಲಾಟಿನ ಮದುವೆಗಳಿಗೂ ಗಾಜಿಪುರದ ಮುಂಜಿಗಳಿಗೂ ತಿರುಗಿದ್ದ. ಶಹರದವರಿಗೆ ಅವಸರ ಬಹಳ. ಹೊತ್ತ ತಲೆ ಯಾರದು ಎಂದು ಕೇಳುವ ಪುರಸೊತ್ತು ಅವರಿಗಿರಲಿಲ್ಲ.

ಸ್ವಂತ ಅಂಗಡಿ ಹಾಕುತ್ತೇನೆ, ಅದೂ ಕಮಲಾಪುರದಲ್ಲಿ ಹಾಕುತ್ತೇನೆ ಎಂದು ಅವನು ಹೇಳಿದಾಗ ಚಾಂದಪಾಶಾ ಬಾಯೊಳಗಿನ ಎಲೆಯನ್ನು ಅಗಿಯುವುದು ನಿಲ್ಲಿಸಿದ.

"ಅರೆ ಬೇಟಾ, ಇಲ್ಲೇ ಹಾಕು. ಶಹರದ ಗಿರಾಕಿ ರೇಟ್ ಕೇಳ್ತಾನ. ಅಲ್ಲಿನ ಗಿರಾಕಿ ನಿನ್ನ ಓಣಿ ಕೇಳ್ತಾನ."

"ಅದಕ್ಕೇ ಅಲ್ಲಿ ಹಾಕ್ತೀನಿ ಚಾಚಾ."

"ಧಂದೆ ಮಾಡಾಕ ಹೊಂಟೀಯೋ, ಸೇಡು ತೀರಸಾಕ ಹೊಂಟೀಯೋ? ಎರಡೂ ಒಂದೇ ತಕ್ಕಡ್ಯಾಗ ತೂಗಂಗಿಲ್ಲ ನೋಡು."

"ಧಂದೆ ಚಾಚಾ, ಧಂದೆ," ಎಂದು ದೇವಿಂದ್ರಪ್ಪ ನಕ್ಕುಬಿಟ್ಟ. ಆದರೆ ಆ ಪ್ರಶ್ನೆ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಜೋಳದ ಸಿಪ್ಪೆಯ ಹಾಗೆ ಅಲ್ಲೇ ಉಳಿಯಿತು. ನಾಲಿಗೆ ದಿನಾಲು ಅಲ್ಲಿಗೇ ಹೋಗುತ್ತಿತ್ತು.

ಬಾಡಿಗೆ ಭಾಂಡೆಗೆ ಹೆಸರು ಹೊಡೆಸುವುದು ಪದ್ಧತಿ. ಹೆಸರಿಲ್ಲದ ಭಾಂಡೆ ಮದುವೆಮನೆಗೆ ಹೋದರೆ ತಿರುಗಿ ಬರುತ್ತದೆಂಬ ಭರವಸೆಯಿಲ್ಲ. ಚಾಂದಪಾಶಾನ ಹಂಡೆಗಳ ಕೊರಳಿಗೆ ಅರ್ಧ ಚಂದ್ರನ ಗುರುತಿತ್ತು. "ನೀನೂ ಒಂದು ಹೂವಿನ ಗುರ್ತು ಹಾಕ್ಸು. ಹಾವೂ ಸಾಯಬೇಕು, ಕೋಲೂ ಮುರೀಬಾರದು," ಎಂದು ಅವನು ಬುದ್ಧಿ ಹೇಳಿದ. ದೇವಿಂದ್ರಪ್ಪ ಕೇಳಲಿಲ್ಲ. ಬಜಾರಿನಲ್ಲಿ ಹೆಸರು ಹೊಡೆಯುವವನ ಮುಂದೆ ಇಡೀ ದಿನ ಕುಳಿತು ಒಂದೊಂದು ಭಾಂಡೆಯ ಕೊರಳಿಗೂ ದಪ್ಪ ಅಕ್ಷರದಲ್ಲಿ 'ಮಾಪಣ್ಣ ಕಮಲಾಪುರ' ಎಂದು ಹೊಡೆಸಿದ. ಮಾಪಣ್ಣ ಅವನ ತಂದೆ. ಬದುಕಿದ್ದಾಗ ಆ ಹೆಸರಿನ ಜೊತೆ ಊರ ಹೆಸರನ್ನು ಯಾರೂ ಸೇರಿಸಿ ಹೇಳಿದ್ದಿಲ್ಲ.

ಅವನು ಕಾಯುತ್ತಿದ್ದ ಗಿರಾಕಿಯ ಹೆಸರು ಜಗದೇವಪ್ಪ. ಎಂಬತ್ತರ ದಶಕದಲ್ಲಿ ಕಮಲಾಪುರದಲ್ಲಿ ಬಾಡಿಗೆಗೆ ಭಾಂಡೆ ಕೊಡುತ್ತಿದ್ದ ಕಿರಾಣಿ ಸಾವ್ಕಾರ ಅವನೊಬ್ಬನೇ. ದೇವಿಂದ್ರಪ್ಪನ ತಂಗಿ ಶೇವಂತಾಳ ಲಗ್ನ ಗೊತ್ತಾದಾಗ ಮಾಪಣ್ಣ ಮಗನನ್ನು ಕರೆದುಕೊಂಡು ಅವನಲ್ಲಿಗೆ ಹೋಗಿದ್ದ. "ಎಲ್ಲಾ ಭಾಂಡೆ ಬಾಡಿಗಿಗಿ ಹೋಗ್ಯಾವಪ್ಪ," ಎಂದು ಜಗದೇವಪ್ಪ ಹೇಳಿದ. ಅವನು ಕೂತಿದ್ದ ಗಾದಿಯ ಹಿಂದೆಯೇ ಹಂಡೆಗಳು ಒಂದರ ಮೇಲೊಂದು ಬೋರಲಾಗಿ ಕೂತಿದ್ದವು. ಮಾಪಣ್ಣನ ಕಣ್ಣಿಗೂ ಅವು ಕಂಡಿದ್ದವು. ಕಂಡೂ ಅವನು ಕೈಮುಗಿದು, "ಆಗ್ಲಿರಿ ಸಾವ್ಕಾರ್ರ," ಎಂದು ಹೊರಬಿದ್ದ.

ಲಗ್ನದ ಅನ್ನವನ್ನು ಚಿಮಣಿ ಎಣ್ಣೆಯ ಡಬ್ಬಿಗಳ ಬಾಯಿ ಕತ್ತರಿಸಿ ಅವುಗಳಲ್ಲೇ ಬೇಯಿಸಿದರು. ಮಾನಮ್ಮ ಬೂದಿ ಹಾಕಿ, ಹುಣಸೆಹಣ್ಣು ಹಾಕಿ ಕೈಯ ಚರ್ಮ ಸುಲಿಯುವ ತನಕ ಅವನ್ನು ತಿಕ್ಕಿದ್ದಳು. ಎಣ್ಣೆಯ ವಾಸನೆ ತಿಕ್ಕಿದರೆ ಹೋಗುತ್ತದೆಯೇ? ಬೀಗರು ಮೊದಲ ತುತ್ತಿಗೇ ಮೂಗು ಮುಚ್ಚಿಕೊಂಡು ತಾಟು ಮುಂದೆ ಸರಿಸಿದರು. ಶೇವಂತಾ ಗಂಡನ ಊರಿಗೆ ಹೋದಳು, ವಾಸನೆಯೂ ಅವಳ ಹಿಂದೆ ಹೋಯಿತು. 'ಚಿಮಣಿ ಎಣ್ಣಿ ಸೊಸಿ' ಎಂಬ ಹೆಸರು ಅತ್ತೆಯ ಬಾಯಲ್ಲಿ ಹುಟ್ಟಿ ಓಣಿಯ ಬಾಯಿಗೆ ಬಿತ್ತು. ಮೂರು ಮಕ್ಕಳಾದ ಮೇಲೂ ಅದು ಅಳಿಯಲಿಲ್ಲ.

ಹೀಗಾಗಿ ದೇವಿಂದ್ರಪ್ಪನ ಲೆಕ್ಕ ಸರಳವಾಗಿತ್ತು. ಒಂದಲ್ಲ ಒಂದು ದಿನ ಜಗದೇವಪ್ಪನ ಮನೆಯವರು ಮಾಪಣ್ಣನ ಹೆಸರಿನ ಹಂಡೆಯಿಂದ ಉಣ್ಣಬೇಕು. ಅವತ್ತಿಗೆ ಅಂಗಡಿ ಸಾರ್ಥಕ, ಅವತ್ತಿನ ತನಕ ಬರುವ ಗಿರಾಕಿಗಳೆಲ್ಲ ಲೆಕ್ಕಕ್ಕಿಲ್ಲ. ಅವನದೇ ಓಣಿಯವರು, ಸುತ್ತಲಿನ ಹಳ್ಳಿಗಳ ಅಂಥದೇ ಓಣಿಗಳವರು ಬಂದು ಹಂಡೆ ಒಯ್ದರು, ತಂದರು, ಹರಸಿದರು. ಅವನ ಕಣ್ಣು ಮಾತ್ರ ಅವರ ಹೆಗಲ ಮೇಲಿಂದ ಪೇಟೆಯ ಕಡೆಗೇ ಇರುತ್ತಿತ್ತು. ಮದುವೆಗೆ ಕರೆದರೆ ಭಾಂಡೆ ಕಳಿಸುತ್ತಿದ್ದ, ತಾನು ಹೋಗುತ್ತಿರಲಿಲ್ಲ.

"ನಿನ್ನ ಅಂಗಡಿಗಿ ಬರೋರು ಮನಷ್ಯಾರಲ್ಲೇನೋ?" ಎಂದು ಮಾನಮ್ಮ ಒಂದು ದಿನ ಸಿಡುಕಿದಳು. "ಮೊನ್ನಿ ಹಂಡೆ ಒಯ್ದಿದ್ದ ಮುದುಕಿ ಮೊಮ್ಮಗಳ ಲಗ್ನ ಚಂದಾತು ಅಂತ ಕೆಂಪ ಬಾಳಿಹಣ್ಣು ತಂದಾಳ. ಮಾರಿ ಎತ್ತಿ ಒಂದು ಮಾತಾಡ್ಬಾರ್ದಾ?"

"ಕೆಲಸ ಇತ್ತವ್ವ."

"ಏನ್ ಕೆಲಸ? ರೋಡ್ ಕಾಯೋದು?"

ಅವನು ಎದ್ದು ಕಲಬುರಗಿಯ ಬಸ್ಸು ಹತ್ತಿದ. ಅಲ್ಲಿ ಕೆಲಸವೇನೂ ಇರಲಿಲ್ಲ. ಮೋಮಿನಪುರದಲ್ಲಿ ಒಂದು ಕಪ್ಪು ಚಹಾ ಕುಡಿದು ಸಂಜೆಯ ಬಸ್ಸಿಗೆ ತಿರುಗಿ ಬಂದ. ಅಲ್ಲಿದ್ದರೆ ಇಲ್ಲಿಯ ಧ್ಯಾನ, ಇಲ್ಲಿದ್ದರೆ ಎಲ್ಲಿಯದೂ ಅಲ್ಲದ ಚಡಪಡಿಕೆ. ಹಾಸಿಗೆಗೆ ಬೆನ್ನು ಹಚ್ಚಿದರೂ ಅವನ ಕಾಲ ಬೆರಳುಗಳು ಆಡುತ್ತಲೇ ಇರುತ್ತಿದ್ದವು.

ಆಷಾಢಕ್ಕೆ ಮುಂಚಿನ ಕೊನೆಯ ಮುಹೂರ್ತಗಳ ದಿನ ಹತ್ತಿರ ಬಂದಾಗ ಜಗದೇವಪ್ಪ ಬಂದ. ತಾನೇ ಬಂದ, ಕೋಲೂರಿಕೊಂಡು, ಮಧ್ಯಾಹ್ನದ ಉರಿಬಿಸಿಲಲ್ಲಿ. ಮೊಮ್ಮಗಳ ಲಗ್ನ ಗೊತ್ತಾಗಿತ್ತು. ಅವನ ತಾಮ್ರದ ಹಂಡೆಗಳು ಎಷ್ಟೋ ವರ್ಷಗಳಿಂದ ಕಲಾಯಿ ಕಾಣದೆ ಒಳಗೆಲ್ಲ ಹಸಿರು ಕಿಲುಬು ಹಿಡಿದು ಕೂತಿದ್ದವು. ಕಲಬುರಗಿಯ ಅಂಗಡಿಗಳ ಭಾಂಡೆಗಳೆಲ್ಲ ಆ ದಿನಕ್ಕೆ ಮೊದಲೇ ಹೋಗಿಬಿಟ್ಟಿದ್ದವು.

"ಏನಪ್ಪ ದೇವಿಂದ್ರಪ್ಪ, ಆರಾಮ ಇದ್ದೀಯೇನು?" ಎಂದ. ಹುಟ್ಟಿದಾಗಿನಿಂದ ಅವನ ಬಾಯಲ್ಲಿ ದೇವಿಂದ್ರಪ್ಪ 'ದೇವ್ಯಾ' ಆಗಿದ್ದ. ಕಾರ್ಯವಾಸಿ ಕತ್ತೆಕಾಲು ಹಿಡಿ ಎನ್ನುತ್ತಾರೆ. ಹಾಗಾದರೆ ಇಲ್ಲಿ ಕತ್ತೆ ನಾನೇ ಎಂದು ದೇವಿಂದ್ರಪ್ಪನಿಗೆ ಹೊಳೆದರೂ ಖುರ್ಚಿ ಒರೆಸಿ ಕೊಟ್ಟ. ಮುದುಕ ಕೂರಲಿಲ್ಲ. ಕೋಲಿನ ತುದಿಯಿಂದ ಒಂದು ಹಂಡೆಯ ಕೊರಳನ್ನು ಮುಟ್ಟಿದ.

"ಎಲ್ಲಾ ಭಾಂಡೆ ನಮಗ ಬೇಕು. ಬಾಡಿಗಿ ನೀ ಹೇಳಿದ್ದು. ಒಂದು ಮಾತು ಅಷ್ಟೇ. ಒಲಿ ಮ್ಯಾಲ ಇಡೂ ಮುಂದ ತಳಕ್ಕ ಮಣ್ಣು ಮೆತ್ತತಾರಲ್ಲ, ಮಸಿ ಹತ್ತಬಾರ್ದಂತ. ಅದನ್ನ ಇನ್ನೊಂದು ಗೇಣು ಮ್ಯಾಲಕ್ಕ ಮೆತ್ತಿ ಕಳಸು. ತಾಟಿನ ಮ್ಯಾಲಿನ ಹೆಸರಿಗಿ ಹ್ಯಾಂಗೂ ಬಾಳಿಎಲಿ ಬರ್ತದ. ಬೀಗರು ಬರ್ತಾರಪ್ಪ, ನೋಡೋ ಕಣ್ಣು ಹತ್ತು ನಮೂನಿ. ನನಗೇನೂ ಇಲ್ಲ."

ಅವನಿಗೇನೂ ಇಲ್ಲವಂತೆ! ಇದ್ದಿದ್ದರೆ ಇನ್ನೆಷ್ಟು ಗೇಣು ಕೇಳುತ್ತಿದ್ದನೋ. ಆದರೆ ದೇವಿಂದ್ರಪ್ಪನ ನಾಲಿಗೆ ಅವನ ಮನಸ್ಸಿಗಿಂತ ಮುಂದೆ ಓಡಿತು. "ಆಗ್ಲಿರಿ ಸಾವ್ಕಾರ್ರ," ಎಂದುಬಿಟ್ಟ. ಮುದುಕ ಹೋದ ಮೇಲೆ ಆ ಮಾತು ಕಿವಿಯಲ್ಲಿ ಮತ್ತೊಮ್ಮೆ ಕೇಳಿಸಿತು. ಅದು ಅಪ್ಪನ ಮಾತು, ಅಪ್ಪನದೇ ಧ್ವನಿ.

ಕಾದದ್ದು ಕೈಗೆ ಬಂದಿತ್ತು. ಆದರೂ ಅವತ್ತು ರಾತ್ರಿ ಅವನು ಮಲಗದೆ ಅಂಗಳಕ್ಕೆ ಇಳಿದ. ಏನಾದರಾಗಲಿ, ಅವರ ಮನೆಯವರು ಉಣ್ಣುವುದು ನಮ್ಮ ಭಾಂಡೆಯಿಂದಲೇ ತಾನೇ ಎಂದು ಒಂದು ಮನಸ್ಸು ಹೇಳಿತು. ಅವರಿಗೆ ಗೊತ್ತೇ ಇಲ್ಲದಿದ್ದರೆ ಉಂಡೇನು ಫಲ ಎಂದು ಇನ್ನೊಂದು ಕೇಳಿತು. ಒಂದು ವರ್ಷದ ಬಾಡಿಗೆ ಒಂದೇ ಮದುವೆಯಲ್ಲಿ ಬರುತ್ತದಲ್ಲ ಎಂದು ಮೂರನೆಯದೊಂದು ನಡುವೆ ಬಾಯಿ ಹಾಕಿತು. ಅಂಗಳ ತಿರುಗಿ ತಿರುಗಿ ಸಾಕಾಗಿ, ಬೆಳಿಗ್ಗೆ ಕೆರೆಯ ಮಣ್ಣು ತಂದು ನೀರು ಹಾಕಿ ಕಲಸಿದ. ಒಂದು ಹಂಡೆಗೆ ಮೆತ್ತಿ ನೋಡೋಣ ಎಂದುಕೊಂಡ. ಕೈ ಕೆಸರಾದರೆ ಬಾಯಿ ಮೊಸರು ಎಂದವರು ಇಂಥ ಕೆಸರನ್ನು ಕಂಡಿರಲಿಕ್ಕಿಲ್ಲ. ತಳ ಮುಗಿಯಿತು, ಹೊಟ್ಟೆ ಮುಗಿಯಿತು, ಕೊರಳಿನ ಹತ್ತಿರ ಕೈ ಬಂತು. ಮೊದಲು 'ಮಾ' ಹೋಯಿತು. ಅಪ್ಪನ ಮೇಲೆ ತನ್ನ ಕೈಯಿಂದ ಮಣ್ಣು ಬಿದ್ದದ್ದು ಕುಣಿಯಲ್ಲಿ ಇಳಿಸಿದ ದಿನ ಮಾತ್ರ ಎಂಬುದು ನೆನಪಾಗಿ ಅವನ ಬೆರಳು ಅಲ್ಲೇ ನಿಂತವು.

"ಅಣ್ಣಾ," ಎಂದು ಹಿಂದಿನಿಂದ ಯಾರೋ ಕರೆದರು. ಬಸ್ಸಿಳಿದು ಬಂದ ಶೇವಂತಾ. ಅಂಗಡಿ ಹಾಕಿದ ಮೇಲೆ ಅವಳು ಬಂದದ್ದು ಅದೇ ಮೊದಲು.

ಅವಳು ಕೂರಲಿಲ್ಲ, ನೀರೂ ಕುಡಿಯಲಿಲ್ಲ. "ಮೈದುನನ ಲಗ್ನ ಅದ ಅಣ್ಣಾ, ಇದೇ ಐತವಾರ," ಎಂದಳು. ಜಗದೇವಪ್ಪನ ಮನೆಯ ಮುಹೂರ್ತವೂ ಅದೇ ದಿನವಾಗಿತ್ತು. "ಭಾಂಡೆ ಎಲ್ಲೂ ಸಿಗವಲ್ಲವು. ಅತ್ತಿ ಏನಂದ್ಲು ಗೊತ್ತೇನು? ನಿಮ್ಮಣ್ಣ ಕೊಟ್ರ ಕೊಡ್ಲಿ, ಇಲ್ಲಂದ್ರ ಡಬ್ಬಿ ಅದಾವಲ್ಲ, ನಿಮಗ ರೂಢಿನೇ ಅದ ಅಂದ್ಲು."

ದೇವಿಂದ್ರಪ್ಪ ಮಣ್ಣಿನ ಕೈಯನ್ನು ಹಿಂದೆ ಮಾಡಿಕೊಂಡ. ಶೇವಂತಾ ಸಾಲಾಗಿ ಇಟ್ಟಿದ್ದ ಹಂಡೆಗಳ ಕಡೆ ನಡೆದಳು. ಎಲ್ಲಕ್ಕಿಂತ ದೊಡ್ಡದರ ಅಂಚನ್ನು ಎರಡೂ ಕೈಯಿಂದ ಹಿಡಿದು, ನಡು ಬಗ್ಗಿಸಿ, ಅದರೊಳಗೆ ತಲೆ ಇಳಿಸಿದಳು. ಅಲ್ಲಿಂದ ಎದ್ದು ಮುಂದಿನ ಹಂಡೆಯಲ್ಲೂ ಹಾಗೇ ಮಾಡಿದಳು.

"ಏನ್ ಹುಡಕಾಕತ್ತೀ ಯವ್ವ?"

"ಏನಿಲ್ಲಣ್ಣಾ. ವಾಸನಿ ನೋಡಿದೆ." ಅವಳು ನಾಚಿಕೊಂಡು ನಕ್ಕಳು. "ಮನ್ಯಾಗ ದಿನಾ ಅನ್ನ ಮಾಡಿದ್ರೂ ಮೊದಲ ಮೂಗಿಗಿ ಹಿಡೀತೀನಿ. ರೂಢಿ ಬಿದ್ದದ. ಇದ್ರಾಗ ಏನೂ ಇಲ್ಲಣ್ಣಾ. ಬರೇ ಹುಣಸಿಹಣ್ಣಿನ ವಾಸನಿ ಅದ."

ದೇವಿಂದ್ರಪ್ಪನಿಗೆ ಅಳು ಬಂತು. ಗಂಡಸು, ಅಂಗಡಿಕಾರ, ನಟ್ಟನಡು ರಸ್ತೆಯ ಪಕ್ಕದಲ್ಲಿ ಮಣ್ಣು ಮೆತ್ತಿದ ಕೈಯನ್ನೇ ಮುಖಕ್ಕೆ ಹಚ್ಚಿಕೊಂಡು ಅತ್ತ. ಇಷ್ಟು ದಿನ ಅವನು ನೆನಪಿಟ್ಟದ್ದು ಗಾದಿಯ ಹಿಂದೆ ಬೋರಲು ಹಾಕಿದ್ದ ಹಂಡೆಗಳನ್ನು, ಅಪ್ಪ ಮುಗಿದ ಕೈಗಳನ್ನು. ಇವಳ ಮೂಗನ್ನು ಅವನು ಮರೆತೇಬಿಟ್ಟಿದ್ದ. ಬಾಳೆಹಣ್ಣು ತಂದ ಆ ಮುದುಕಿಯ ಮೊಮ್ಮಗಳು ಗಂಡನ ಮನೆಗೆ ಯಾವ ಅಡ್ಡಹೆಸರೂ ಇಲ್ಲದೆ ಹೋಗಿದ್ದಳು. ಅದು ತನ್ನ ಅಂಗಡಿಯಿಂದ ಆದದ್ದು. ಅದು ಆಗುತ್ತಿದ್ದಾಗ ತಾನು ರಸ್ತೆ ಕಾಯುತ್ತಿದ್ದೆ ಎಂದು ಅವನಿಗೆ ಈಗ ಹೊಳೆಯಿತು.

"ಇದೇನಣ್ಣಾ, ಅಪ್ಪನ ಹೆಸರಿಗಿ ಮಣ್ಣ ಹತ್ಯಾದ," ಎಂದು ಶೇವಂತಾ ಸೆರಗಿನಿಂದ ಒರೆಸತೊಡಗಿದಳು. ಅವನು ಬಿಂದಿಗೆ ತಂದು ನೀರು ಸುರಿದ.

ಅದೇ ಸಂಜೆ ಅವನು ಜಗದೇವಪ್ಪನ ಮನೆಯ ಕಟ್ಟೆಯ ಮುಂದೆ ಹೋಗಿ ನಿಂತ. "ಅರ್ಧ ಭಾಂಡೆ ತಂಗಿ ಮನಿಗಿ ಹೋಗ್ತಾವ್ರಿ. ಇನ್ನ ಅರ್ಧ ಅದಾವ. ಮಣ್ಣು ತಳಕ್ಕ ಅಷ್ಟೇ. ನಿನ್ನಿ ಆಗ್ಲಿ ಅಂದಿದ್ದೆ, ಅದು ತಪ್ಪಾತು. ಬೇಕಂದ್ರ ಹೇಳಿ ಕಳಸ್ರಿ."

ಮುದುಕ ಕೋಲೂರಿ ಎದ್ದು ನಿಂತ. "ಆವಾಗಿನ ಸಿಟ್ಟು ಇನ್ನೂ ಇಟ್ಕೊಂಡೀಯೇನು?"

ದೇವಿಂದ್ರಪ್ಪ ತನ್ನೊಳಗೆ ತಡಕಾಡಿ ನೋಡಿಕೊಂಡ. ಇತ್ತು, ಇಲ್ಲದೆ ಏನು. "ಅದರಿ," ಎಂದ. "ಖರೇ ಅಂದ್ರ, ಅಂಗಡಿ ಅದರ ಸಲುವಾಗಿ ಹಾಕೀನಿ ಅಂತ ತಿಳಕೊಂಡಿದ್ದೆ. ಅಲ್ಲರಿ." ಇಷ್ಟು ಹೇಳಿ ಉತ್ತರಕ್ಕೆ ಕಾಯದೆ ನಡೆದ. ಓಣಿಯ ತಿರುವಿನ ತನಕ ಬಂದ ಮೇಲೆ, ತಾನು ಹಿಂದಿರುಗಿ ನೋಡಿಲ್ಲ ಎಂಬುದು ಅವನಿಗೆ ಗೊತ್ತಾಯಿತು.

ಜಗದೇವಪ್ಪನ ಮನೆಯವರು ಹೇಳಿ ಕಳಿಸಲಿಲ್ಲ. ಬೀದರಿನ ಕಡೆಯಿಂದ ದುಪ್ಪಟ್ಟು ಬಾಡಿಗೆಗೆ ಭಾಂಡೆ ತರಿಸಿದರಂತೆ. ತರಿಸಲಿ.

ಐತವಾರ ದೇವಿಂದ್ರಪ್ಪ ತಂಗಿಯ ಊರಲ್ಲಿ ಒಲೆಯ ಪಕ್ಕದಲ್ಲೇ ಇದ್ದ. ತಾನು ಕಳಿಸಿದ ಹಂಡೆಯ ಮುಚ್ಚಳವನ್ನು ತಾನೇ ತೆರೆದದ್ದು ಅವತ್ತೇ ಮೊದಲು. ಬೆಂಕಿಯ ಕಾವಿಗೆ ತಳದ ಮಣ್ಣು ಒಣಗಿ ಬಿರಿದಿತ್ತು, ಕೊರಳಲ್ಲಿ ಅಪ್ಪನ ಹೆಸರು ಉಗಿ ಹತ್ತಿ ಬೆವರಿತ್ತು. ಹುಗ್ಗಿ ಆಯಿತು, ಅನ್ನ ಬಂತು, ಪಂಕ್ತಿ ಕೂತಿತು. ಶೇವಂತಾ ಬಡಿಸುತ್ತ ಬಡಿಸುತ್ತ ಅತ್ತೆಯ ತಾಟಿನ ಮುಂದೆ ಬಂದು ನಿಂತುಬಿಟ್ಟಳು. ಮುದುಕಿ ಅನ್ನ ಸಾರು ಕಲಸಿ, ತುತ್ತನ್ನು ಮೂಗಿನ ಹತ್ತಿರ ಒಯ್ದು, ಒಂದು ಗಳಿಗೆ ತಡೆದಳು. ಒಲೆಯ ಹತ್ತಿರ ದೇವಿಂದ್ರಪ್ಪನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಮುದುಕಿ ತುತ್ತನ್ನು ಬಾಯಿಗಿಟ್ಟು, ನಿಧಾನವಾಗಿ ಅಗಿದು, ನುಂಗಿದಳು.

"ಶೇವಂತಾ," ಎಂದಳು. ಹೆಸರು ಹಿಡಿದೇ ಕರೆದಳು. "ಸಾರಿಗಿ ಉಪ್ಪು ಕಡಿಮಿ ಆಗ್ಯಾದ ನೋಡು."

"ತಂದೆ ಅತ್ತಿ, ತಂದೆ," ಎನ್ನುತ್ತ ಶೇವಂತಾ ಉಪ್ಪಿಗಾಗಿ ಓಡಿದಳು. ನಗು ತಡೆಯಲಾರದೆ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ದೇವಿಂದ್ರಪ್ಪ ಸೌಟು ಕೆಳಗಿಟ್ಟು, ಪಂಕ್ತಿಯ ಕೊನೆಯಲ್ಲಿ ಜಾಗ ನೋಡಿ, ಕಾಲು ಮಡಚಿ ಊಟಕ್ಕೆ ಕುಳಿತ.